ಸಣ್ಣ ಪ್ರೌಢಶಾಲೆಗಳಲ್ಲಿ ಸಂಗೀತ ತಂಡ ಮತ್ತು ವ್ಯಾಪಾರ ಶಿಕ್ಷಣ

ಕರ್ನಾಟಕದ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಪಠ್ಯದ ಜೊತೆಗೆ ಕಲೆ ಮತ್ತು ಕೌಶಲ್ಯ ಕಲಿಕೆಗೂ ಅವಕಾಶ ಕಲ್ಪಿಸಲಾಗಿದೆ.

ಸಂಗೀತ: ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ, ಜನಪದ ಗೀತೆಗಳಂತಹ ವೈಯಕ್ತಿಕ ಸ್ಪರ್ಧೆಗಳಲ್ಲದೆ ಕವ್ವಾಲಿ, ಜನಪದ ನೃತ್ಯದಂತಹ ಸಾಮೂಹಿಕ ಸ್ಪರ್ಧೆಗಳೂ ಇರುತ್ತವೆ. ಆಯ್ಕೆಯು ಕ್ಲಸ್ಟರ್ ಹಂತದಿಂದ ರಾಜ್ಯ ಹಂತದವರೆಗೆ ನಡೆಯುತ್ತದೆ. ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಕಲಾ ಉತ್ಸವದಲ್ಲಿ 9ರಿಂದ 12ನೇ ತರಗತಿಯವರು ಗಾಯನ ಮತ್ತು ವಾದ್ಯ ಸಂಗೀತದಲ್ಲಿ ಭಾಗವಹಿಸಬಹುದು.

ವ್ಯಾಪಾರ ಶಿಕ್ಷಣ: 2013ರಲ್ಲಿ ಅಧಿಸೂಚಿಸಲಾದ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನನ್ವಯ ಆಯ್ದ ಸರ್ಕಾರಿ ಶಾಲೆಗಳಲ್ಲಿ 9ನೇ ತರಗತಿಯಿಂದ ರೀಟೇಲ್ ವಿಷಯವನ್ನು ಬೋಧಿಸಲಾಗುತ್ತದೆ. ಸರಕು ಸ್ವೀಕಾರ, ದಾಸ್ತಾನು ನಿರ್ವಹಣೆ, ಗ್ರಾಹಕ ಸೇವೆ ಇದರ ಮುಖ್ಯ ಭಾಗಗಳು.

ಗಮನಿಸಬೇಕಾದ ಅಂಶಗಳು: ಎಸ್.ಎಸ್.ಎಲ್.ಸಿ.ಯಲ್ಲಿ ಈ ವಿಷಯವನ್ನು ತೃತೀಯ ಭಾಷೆಯ ಬದಲಿಗೆ ಅಭ್ಯಸಿಸಲಾಗುತ್ತದೆ. ಆದುದರಿಂದ ಆಯ್ಕೆಗೆ ಮುನ್ನ, ಸಮೀಪದ ಪದವಿಪೂರ್ವ ಕಾಲೇಜಿನಲ್ಲಿ ಇದನ್ನು ಮುಂದುವರಿಸಲು ಸಾಧ್ಯವೇ ಎಂಬುದನ್ನು ಪೋಷಕರು ವಿಚಾರಿಸಿ ತಿಳಿದುಕೊಳ್ಳುವುದು ಸೂಕ್ತ. ಮಕ್ಕಳ ಸಂಖ್ಯೆ ಕಡಿಮೆಯಿರುವ ಶಾಲೆಯಲ್ಲಿ ಹಾಡುವ ವಿದ್ಯಾರ್ಥಿಯೇ ರೀಟೇಲ್ ತರಗತಿಯಲ್ಲಿಯೂ ಇರುತ್ತಾನೆ. ಒಬ್ಬರು ಗೈರುಹಾಜರಾದರೂ ತಂಡದ ಅಭ್ಯಾಸ ನಿಲ್ಲುತ್ತದೆ. ಸಂಗೀತಾಭ್ಯಾಸ ಮತ್ತು ಪ್ರಾಯೋಗಿಕ ತರಗತಿಗಳು ಒಂದೇ ವೇಳೆಗೆ ಬಾರದಂತೆ ವರ್ಷಾರಂಭದಲ್ಲಿಯೇ ವೇಳಾಪಟ್ಟಿಯನ್ನು ಸಿದ್ಧಪಡಿಸಿದಲ್ಲಿ, ಎರಡರಲ್ಲಿ ಒಂದನ್ನು ಕೈಬಿಡುವ ಪ್ರಸಂಗ ಮಕ್ಕಳಿಗೆ ಒದಗುವುದಿಲ್ಲ.