ಕಾಣೆಯಾದ ಸಾಲಗಾರ: ಸ್ಮೃತಿಗಳ ಹೊಣೆಗಾರ ಮತ್ತು ರಾಘವಾಂಕನ ನಕ್ಷತ್ರಿಕ

ಬೆನ್ನುಬಿಡದೆ ಹಣ ಕೇಳುವವನನ್ನು ಕನ್ನಡಿಗರು ಇಂದಿಗೂ 'ನಕ್ಷತ್ರಿಕ' ಎಂದು ಕರೆಯುವುದುಂಟು. ಈ ಹೆಸರಿನ ಹಿಂದೆ ವ್ಯವಹಾರದ ಒಂದು ಹಳೆಯ ಪ್ರಶ್ನೆ ಅಡಗಿದೆ: ಸಾಲಗಾರನು ಊರುಬಿಟ್ಟರೆ ಅವನನ್ನು ಹುಡುಕಬೇಕಾದವರು ಯಾರು? ಈ ಪ್ರಶ್ನೆಗೆ ಧರ್ಮಶಾಸ್ತ್ರ ಮತ್ತು ಕಾವ್ಯಗಳು ನೀಡಿರುವ ಎರಡು ಭಿನ್ನ ಉತ್ತರಗಳನ್ನು ನಾವು ಇಲ್ಲಿ ಪರಿಶೀಲಿಸಲಿದ್ದೇವೆ.

ಯಾಜ್ಞವಲ್ಕ್ಯ ಸ್ಮೃತಿಯು ದರ್ಶನ, ಪ್ರತ್ಯಯ, ದಾನ ಎಂದು ಹೊಣೆಗಾರಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076-1126) ವಿಜ್ಞಾನೇಶ್ವರನು ರಚಿಸಿದ 'ಮಿತಾಕ್ಷರಾ' ವ್ಯಾಖ್ಯಾನದ ಪ್ರಕಾರ, ಬೇಕಾದಾಗ ಸಾಲಗಾರನನ್ನು ತಂದು ತೋರಿಸುವೆನೆಂದು ಮಾತು ಕೊಟ್ಟವನೇ ದರ್ಶನದ ಹೊಣೆಗಾರ. ಸಾಲಗಾರನು ಕಣ್ಮರೆಯಾದಾಗ ಅರಸುವ ಭಾರ ಇವನ ಮೇಲೆಯೇ ಬೀಳುತ್ತಿತ್ತು. ಇದಕ್ಕಾಗಿ ಕಾತ್ಯಾಯನನು ಹೆಚ್ಚೆಂದರೆ ಮೂರು ಪಕ್ಷಗಳ ಅವಧಿಯನ್ನು ವಿಧಿಸುತ್ತಾನೆ. ಬೃಹಸ್ಪತಿಯು ಪ್ರದೇಶವನ್ನು ಗಮನಿಸಿ ಒಂದು ಪಕ್ಷ, ಒಂದು ತಿಂಗಳು ಅಥವಾ ಒಂದೂವರೆ ತಿಂಗಳು ಕೊಡಬೇಕೆನ್ನುತ್ತಾನೆ. ಅಷ್ಟರಲ್ಲಿ ಸಾಲಗಾರನನ್ನು ತೋರಿಸಿದರೆ ಹೊಣೆಗಾರನಿಗೆ ಬಿಡುಗಡೆ. ಇಲ್ಲವಾದರೆ ಸಾಲವನ್ನು ಅವನೇ ತೆರಬೇಕು.

ತಂದೆಯು ದೇಶಾಂತರ ಹೋದರೆ ಮಕ್ಕಳು ಮೊಮ್ಮಕ್ಕಳು ಸಾಲ ತೀರಿಸಬೇಕೆಂಬ ವಿಧಿಯೂ ಯಾಜ್ಞವಲ್ಕ್ಯನಲ್ಲಿದೆ. ಆದರೆ ಇಪ್ಪತ್ತು ವರ್ಷ ಕಳೆಯುವವರೆಗೆ ಮಗನನ್ನು ಒತ್ತಾಯಿಸಲಾಗದೆಂದು ನಾರದನು ಆ ಭಾರಕ್ಕೂ ಮಿತಿ ಹಾಕಿದ್ದಾನೆ. ಇವು ವಿಧಿವಾಕ್ಯಗಳೇ ಹೊರತು ನಡೆದ ವ್ಯವಹಾರಗಳ ದಾಖಲೆಗಳಲ್ಲ ಎಂಬ ಎಚ್ಚರ ನಮಗಿರಬೇಕು. ಆದರೂ ಹುಡುಕಾಟಕ್ಕೆ ಕಾಲದ ಮೇರೆ ಇರಬೇಕೆಂಬ ವಿವೇಕ ಇವುಗಳಲ್ಲಿ ಸ್ಪಷ್ಟವಾಗಿದೆ.

13ನೆಯ ಶತಮಾನದ ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ದ ಚಿತ್ರ ಬೇರೆಯೇ ಆಗಿದೆ. ರಾಜ್ಯವನ್ನೇ ಕಳೆದುಕೊಂಡ ಅರಸನು ಕೊಡಬೇಕಾದ ಧನಕ್ಕೆ ಗಡುವು ಪಡೆದು ಹೊರಟಾಗ, ವಿಶ್ವಾಮಿತ್ರನು ವಸೂಲಿಗೆಂದು ನಕ್ಷತ್ರಿಕನನ್ನು ಜೊತೆಗೆ ಕಳುಹಿಸುತ್ತಾನೆ. ಇಲ್ಲಿ ಸಾಲಗಾರನು ಕಾಣೆಯಾಗಲು ಅವಕಾಶವೇ ಇಲ್ಲ. ಕಾಡಿನ ಹಾದಿಯಲ್ಲಿಯೂ ತಗಾದೆ ಅವನ ಜೊತೆಯಲ್ಲೇ ನಡೆಯುತ್ತದೆ. ಕಾಶಿಯಲ್ಲಿ ಹೆಂಡತಿ ಮಗನನ್ನು ಮಾರಿ, ಕೊನೆಗೆ ತನ್ನನ್ನೇ ವೀರಬಾಹುವಿಗೆ ಮಾರಿಕೊಂಡ ಮೇಲೆಯೇ ಹರಿಶ್ಚಂದ್ರನಿಗೆ ಋಣದಿಂದ ಬಿಡುಗಡೆ. ಓಡಿಹೋಗದ ಸತ್ಯವಂತನಿಗೇ ಈ ಕಾವಲು ಎಂಬುದು ಕಾವ್ಯದ ವ್ಯಂಗ್ಯ.

ಇವೆರಡರ ಅಂತರ ನಮಗೆ ಮುಖ್ಯವೆನಿಸುತ್ತದೆ. ಸ್ಮೃತಿಯ ಹೊಣೆಗಾರನು ಸಾಲಗಾರನ ಪರವಾಗಿ ಮಾತು ಕೊಟ್ಟವನು. ಹುಡುಕಿ ಸೋತರೆ ನಷ್ಟ ಅವನದೇ. ನಕ್ಷತ್ರಿಕನಾದರೋ ಧನಿಕನ ಕಡೆಯವನು; ಸಾಲಗಾರನ ಮಾನದಲ್ಲಿ ಅವನಿಗೆ ಪಾಲಿಲ್ಲ. ನಮ್ಮ ಕಾಲದ ಬ್ಯಾಂಕುಗಳ ವಸೂಲಿ ಏಜೆಂಟರು ವಿಳಾಸ ಬದಲಿಸಿದವರನ್ನು ಫೋನು ಸಂಖ್ಯೆ ಹಾಗೂ ನೆರೆಹೊರೆಯ ವಿಚಾರಣೆಯಿಂದ ಪತ್ತೆಹಚ್ಚುವಾಗ ಈ ಎರಡನೆಯ ಪರಂಪರೆಯನ್ನೇ ಮುಂದುವರಿಸುತ್ತಾರೆ. ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ವಸೂಲಿಯ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಸೂಚಿಸಬೇಕಾಯಿತೆಂಬುದು, ಮೇರೆಯನ್ನು ಹೊರಗಿನಿಂದ ಹೇರಬೇಕಾದ ಸ್ಥಿತಿಗೆ ಸಾಕ್ಷಿ. ಹುಡುಕುವವನೂ ಋಣಕ್ಕೆ ಬದ್ಧನಾಗಿದ್ದ ಆ ಹಳೆಯ ವಿಧಿಯನ್ನು ಸಾಲದ ಚರಿತ್ರೆ ಬರೆಯುವವರು ಮರೆಯಬಾರದು.