ಬೆಳ್ಳಿ ವರ್ಖದ ಹಿಂದಿನ ಸುತ್ತಿಗೆ ಸದ್ದು

ಹಬ್ಬದ ದಿನ ಮನೆಯಲ್ಲಿ ಮಾಡಿದ ಫಿರ್ನಿ, ಬಾದಾಮಿ ಹಲ್ವ ಅಥವಾ ಡಬಲ್ ಕಾ ಮೀಠಾದ ಮೇಲೆ ಬೆಳ್ಳಿ ವರ್ಖ ಹಚ್ಚುವ ಗಳಿಗೆ ಬಂದಾಗ ಮೊದಲು ಆಗುವ ಕೆಲಸವೆಂದರೆ ಫ್ಯಾನ್ ನಿಲ್ಲಿಸುವುದು. ಮಕ್ಕಳಿಗೆ ಹತ್ತಿರ ಬಂದು ಉಸಿರು ಬಿಡಬೇಡಿ ಎಂಬ ಎಚ್ಚರಿಕೆ. ಅಮ್ಮ ಕಾಗದದ ಒಂದು ಬದಿಯನ್ನು ಮೆಲ್ಲಗೆ ತೆರೆದು, ಹಾಳೆಯನ್ನು ಸಿಹಿಯ ಮೇಲೆ ಮಗುಚಿ, ಕಾಗದವನ್ನು ಎತ್ತುತ್ತಾರೆ. ಬೆಳ್ಳಿ ಅಲ್ಲೇ ಕುಳಿತುಬಿಡುತ್ತದೆ. ಬೆರಳು ತಾಗಿಸಿದರೆ ಕೈಗೆ ಅಂಟುತ್ತದೆ, ಹಾಳೆ ಹರಿದುಹೋಗುತ್ತದೆ.

ಹಾಲು ಕಾಯಿಸಿದ್ದು, ಸಕ್ಕರೆ ಹಾಕಿದ್ದು, ಗಂಟೆಗಟ್ಟಲೆ ಸೌಟು ತಿರುಗಿಸಿದ್ದು ಎಲ್ಲವೂ ಮನೆಯವರೇ. ಆದರೆ ಕೊನೆಯಲ್ಲಿ ಅದಕ್ಕೆ ಹಬ್ಬದ ಕಳೆ ತಂದ ಆ ಒಂದು ಹಾಳೆ ಮಾತ್ರ ಅಂಗಡಿಯಿಂದ ಬಂದದ್ದು. ಅದನ್ನು ಮಾಡಿದವರು ಯಾರು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಕೇಳಿಕೊಂಡಾಗ ಎದುರಾಗುವುದು ದೀರ್ಘವಾದ ಒಂದು ಇತಿಹಾಸ, ಜೊತೆಗೆ ಒಂದು ಕಸುಬಿನ ಸಂಕಟ.

ವರ್ಖ ಎಂಬುದು ಅರಬಿಯ 'ವರಖ್' ಶಬ್ದದಿಂದ ಬಂದದ್ದು. ಅರಬಿಯಲ್ಲಿ ಅದಕ್ಕೆ ಎಲೆ, ಹಾಳೆ ಎಂಬ ಅರ್ಥಗಳಿವೆ. ಪುಸ್ತಕದ ಹಾಳೆಯೂ ವರಖ್, ಮರದ ಎಲೆಯೂ ವರಖ್. ಚಿನ್ನ ಬೆಳ್ಳಿಗಳು ಅಡುಗೆಮನೆಯ ಅಲಂಕಾರವಾಗಿ ಮಾತ್ರ ಬಳಕೆಯಲ್ಲಿದ್ದವಲ್ಲ. ವೈದ್ಯರೂ ಅವನ್ನು ಬಳಸುತ್ತಿದ್ದರು. ಹನ್ನೊಂದನೇ ಶತಮಾನದ ಪ್ರಸಿದ್ಧ ವೈದ್ಯ ಹಾಗೂ ತತ್ವಜ್ಞಾನಿ ಇಬ್ನು ಸೀನಾ (980-1037) ಹೃದಯಕ್ಕೆ ಬಲ ಕೊಡುವ ಔಷಧಗಳ ಕುರಿತು ಬರೆದ ಗ್ರಂಥದಲ್ಲಿ ಚಿನ್ನ, ಬೆಳ್ಳಿ, ಮುತ್ತುಗಳನ್ನು ಸೇರಿಸಿದ್ದಾರೆ. ಯುನಾನಿ ಹಕೀಮರು ಕೊಡುವ ಖಮೀರಾಗಳಲ್ಲಿ ಇಂದಿಗೂ ಬೆಳ್ಳಿ ವರ್ಖ ಬೆರೆಸುವುದುಂಟು. ಇತ್ತ ಆಯುರ್ವೇದದಲ್ಲಿ ರಜತ ಭಸ್ಮ, ಸುವರ್ಣ ಭಸ್ಮಗಳ ಪರಂಪರೆಯಿದೆ. ಹೀಗೆ ಭಾರತದಲ್ಲಿ ಎರಡು ವೈದ್ಯ ಪರಂಪರೆಗಳು ಈ ಲೋಹಗಳ ವಿಷಯದಲ್ಲಿ ಪರಸ್ಪರ ಅಪರಿಚಿತವಾಗಿರಲಿಲ್ಲ. ನವಾಬರ ಲಖನೌ ಮತ್ತು ನಿಜಾಮರ ಹೈದರಾಬಾದಿನ ದಸ್ತರ್‌ಖಾನುಗಳಲ್ಲಿ ವರ್ಖ ಸತ್ಕಾರದ ಗುರುತಾಯಿತು. ಬೀದರ್, ಕಲಬುರಗಿ, ರಾಯಚೂರುಗಳು 1948ರ ತನಕ ನಿಜಾಮರ ಆಡಳಿತದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. ಆ ಕಡೆಯ ಮನೆಗಳ ಮದುವೆಯೂಟದಲ್ಲಿ ಹೈದರಾಬಾದಿನ ಸಿಹಿಗಳು ಇಂದಿಗೂ ಕಾಣುವುದು ಈ ನಂಟಿನಿಂದಲೇ.

ವರ್ಖ ಬಡಿಯುವವರನ್ನು ಉತ್ತರ ಭಾರತದಲ್ಲಿ ಪನ್ನೀಗರರು ಎನ್ನುತ್ತಾರೆ. ಜೈಪುರದಲ್ಲಿ ಅವರ ಹೆಸರಿನ ಮೊಹಲ್ಲಾವೇ ಇದೆ. ಇವರಲ್ಲಿ ಹೆಚ್ಚಿನವರು ಮುಸ್ಲಿಮರು. ಕೆಲಸದ ವಿಧಾನ ನೋಡಲು ಸರಳ. ಬೆಳ್ಳಿಯ ತೆಳು ಪಟ್ಟಿಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪುಟ್ಟ ಪುಸ್ತಕದಂತಿರುವ ತೊಗಲಿನ ಪದರಗಳ ನಡುವೆ ಒಂದೊಂದಾಗಿ ಇಡುತ್ತಾರೆ. ಪುಸ್ತಕವನ್ನು ಚರ್ಮದ ಚೀಲದಲ್ಲಿ ಬಿಗಿದು ಕಲ್ಲಿನ ಮೇಲಿಟ್ಟು ಭಾರದ ಸುತ್ತಿಗೆಯಿಂದ ಗಂಟೆಗಟ್ಟಲೆ ಬಡಿಯುತ್ತಾರೆ. ಏಟು ಒಂದೇ ಹದದಲ್ಲಿರಬೇಕು, ನಡುವಿನಿಂದ ಅಂಚಿನತ್ತ ಸಾಗಬೇಕು. ಹದ ತಪ್ಪಿದರೆ ಹಾಳೆ ಹರಿಯುತ್ತದೆ. ಹೈದರಾಬಾದಿನ ಚಾರ್‌ಮಿನಾರ್ ಸುತ್ತಲಿನ ಗಲ್ಲಿಗಳಲ್ಲಿ ಒಂದು ಕಾಲಕ್ಕೆ ಈ ಟಕಟಕ ಸದ್ದು ದಿನವಿಡೀ ಕೇಳುತ್ತಿತ್ತು.

ಎಷ್ಟು ತೆಳುವಾಗುವ ತನಕ ಬಡಿಯಬೇಕು? ಸರಕಾರಿ ಮಾನದಂಡದ ಪ್ರಕಾರ ಒಂದು ಚದರ ಮೀಟರ್ ವರ್ಖದ ತೂಕ 2.8 ಗ್ರಾಂ ಮೀರಬಾರದು. ಲೆಕ್ಕ ಹಾಕಿದರೆ ದಪ್ಪ ಮಿಲಿಮೀಟರಿನ ನಾಲ್ಕು ಸಾವಿರದ ಒಂದು ಭಾಗಕ್ಕಿಂತ ತುಸುವೇ ಹೆಚ್ಚು. ಇಂತಹ ಮುನ್ನೂರಕ್ಕೂ ಹೆಚ್ಚು ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ನಮ್ಮ ನೋಟ್ ಪುಸ್ತಕದ ಒಂದು ಹಾಳೆಯ ದಪ್ಪವಾದೀತು. ಒಂದು ಗ್ರಾಂ ಬೆಳ್ಳಿ ಚದರ ಮೀಟರಿನ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಜಾಗವನ್ನು ಮುಚ್ಚಬಲ್ಲದು. ನಾವು ಐಷಾರಾಮ ಎಂದುಕೊಂಡದ್ದರಲ್ಲಿ ಬೆಳ್ಳಿ ಇರುವುದು ಇಷ್ಟೇ. ಉಳಿದದ್ದೆಲ್ಲ ತೋಳಿನ ದುಡಿಮೆ.

ಚಿನ್ನ, ಬೆಳ್ಳಿಯ ಪಾತ್ರೆಗಳಲ್ಲಿ ಉಣ್ಣುವುದನ್ನು, ಕುಡಿಯುವುದನ್ನು ಪ್ರವಾದಿ(ಸ)ಯವರು ನಿಷೇಧಿಸಿದ್ದಾರೆ. ಹಾಗಾದರೆ ವರ್ಖ ತಿನ್ನಬಹುದೇ ಎಂಬ ಪ್ರಶ್ನೆ ಸಹಜ. ವರ್ಖ ಪಾತ್ರೆಯಲ್ಲ, ಆಹಾರದೊಂದಿಗೆ ಹೊಟ್ಟೆಗೆ ಹೋಗುವ ವಸ್ತು ಎಂಬ ನೆಲೆಯಲ್ಲಿ ಭಾರತದ ಹಲವು ಉಲೆಮಾಗಳು ಅದಕ್ಕೆ ಅನುಮತಿ ನೀಡಿದ್ದಾರೆ. ಆದರೆ ದುಂದುವೆಚ್ಚದ ಕುರಿತ ಎಚ್ಚರಿಕೆ ಇಲ್ಲಿಯೂ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು.

ನಿಜವಾದ ವಿವಾದ ಎದ್ದದ್ದು ಬೇರೊಂದು ಕಡೆಯಿಂದ. ಬೆಳ್ಳಿಯನ್ನು ಇಟ್ಟು ಬಡಿಯುವ ಆ ಪುಸ್ತಕದ ಪುಟಗಳು ಹಲವೆಡೆ ದನದ ಕರುಳಿನ ಪೊರೆಯಿಂದ, ಕೆಲವೆಡೆ ಬೇರೆ ಪ್ರಾಣಿಗಳ ತೊಗಲಿನಿಂದ ಆದವು. ಇದು ಭಾರತದ ಮುಸ್ಲಿಮರ ವಿಶೇಷವೇನಲ್ಲ. ಯುರೋಪಿನ ಚಿನ್ನ ಬಡಿಯುವವರೂ ಶತಮಾನಗಳ ಕಾಲ ಇದೇ ದನದ ಕರುಳಿನ ಪೊರೆಯನ್ನು ಬಳಸಿದ್ದಾರೆ. ತೆಳುವಾಗಿದ್ದೂ ಹರಿಯದ, ಲೋಹ ಅಂಟಿಕೊಳ್ಳದ ಪೊರೆ ಅದು. ಮೊದಲ ಮಹಾಯುದ್ಧದ ಕಾಲದ ಜರ್ಮನಿಯ ಜೆಪೆಲಿನ್ ವಾಯುನೌಕೆಗಳಲ್ಲಿ ಅನಿಲ ತುಂಬುವ ಚೀಲಗಳನ್ನು ಮಾಡಿದ್ದೂ ಇದರಿಂದಲೇ.

ಆದರೆ ವರ್ಖ ತಿನ್ನುವವರು ಮುಸ್ಲಿಮರು ಮಾತ್ರ ಅಲ್ಲವಲ್ಲ. ಮಿಠಾಯಿ ಅಂಗಡಿಗಳ ಕಾಜು ಬರ್ಫಿಯಿಂದ ಹಿಡಿದು ಪಾನ್ ಬೀಡಾದವರೆಗೆ ಅದು ಎಲ್ಲೆಡೆ ಇತ್ತು. ಶ್ವೇತಾಂಬರ ಜೈನರ ಬಸದಿಗಳಲ್ಲಿ ತೀರ್ಥಂಕರರ ಮೂರ್ತಿಗಳ ಅಲಂಕಾರಕ್ಕೂ ಅದೇ ವರ್ಖ. ಮುಸ್ಲಿಮ್ ಕುಶಲಕರ್ಮಿ ಬಡಿದ ಬೆಳ್ಳಿ ಜೈನರ ಪೂಜೆಯನ್ನೂ ಹಿಂದೂಗಳ ದೀಪಾವಳಿಯನ್ನೂ ಬೆಳಗುತ್ತಿತ್ತು. ತಯಾರಿಕೆಯ ಒಳವಿವರ ಪ್ರಾಣಿದಯಾ ಸಂಘಟನೆಗಳ ಪ್ರಚಾರದಿಂದ ಬೆಳಕಿಗೆ ಬಂದಾಗ ಸಸ್ಯಾಹಾರಿಗಳಿಗೆ ಆಘಾತವಾಯಿತು. ಈ ಆಘಾತವನ್ನು ಹಗುರವಾಗಿ ಕಾಣುವಂತಿಲ್ಲ. ತಿನ್ನುವ ವಸ್ತು ಹೇಗೆ ತಯಾರಾಯಿತು ಎಂದು ತಿಳಿಯುವುದು ತಿನ್ನುವವನ ಹಕ್ಕು. ಜಿಲೆಟಿನ್ ಎಂಬ ಪದ ಕಂಡೊಡನೆ ಪೊಟ್ಟಣ ತಿರುಗಿಸಿ ನೋಡುವ ನಮಗೆ ಇದು ಅರ್ಥವಾಗದ ಭಾವನೆಯೇ?

2016ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಹೊರಡಿಸಿದ ಅಧಿಸೂಚನೆ, ವರ್ಖ ತಯಾರಿಕೆಯ ಯಾವ ಹಂತದಲ್ಲಿಯೂ ಪ್ರಾಣಿಜನ್ಯ ವಸ್ತು ಬಳಸಬಾರದೆಂದಿತು. ಬೆಳ್ಳಿಯ ಶುದ್ಧತೆ ಸಾವಿರಕ್ಕೆ 999 ಇರಬೇಕೆಂದೂ ಹೇಳಿತು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಈ ನಡುವೆ ಮಾರುಕಟ್ಟೆ ತನ್ನ ದಾರಿ ಹಿಡಿದಿತ್ತು. ವಿಶೇಷ ಕಾಗದದ ಪದರಗಳ ನಡುವೆ ಯಂತ್ರದಿಂದ ಬಡಿದ ವರ್ಖ ಬಂತು. ಯಂತ್ರ ದಣಿಯುವುದಿಲ್ಲ, ಭುಜ ನೋವೆನ್ನುವುದಿಲ್ಲ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಮೂಡಿತು, ಗಲ್ಲಿಗಳಲ್ಲಿ ಸುತ್ತಿಗೆಗಳ ಸದ್ದು ಕಡಿಮೆಯಾಯಿತು.

ಕಸುಬುದಾರನಿಗೆ ಹೊಸ ಕಾಗದವನ್ನೂ ಸಾಲವನ್ನೂ ತರಬೇತಿಯನ್ನೂ ಕೊಟ್ಟು ಪದ್ಧತಿ ಬದಲಿಸಿಕೊಳ್ಳಲು ಹೇಳಬಹುದಿತ್ತು. ಗ್ರಾಹಕನ ಹಕ್ಕು ಮತ್ತು ಕುಶಲಕರ್ಮಿಯ ಅನ್ನ ಒಂದಕ್ಕೊಂದು ವೈರಿಗಳಲ್ಲ. ಆದರೆ ನಮ್ಮಲ್ಲಿ ಸುಧಾರಣೆಯ ಬೆಲೆ ತೆರುವವನು ಹೆಚ್ಚಿನ ಸಲ ಕೆಳಗಿನ ಮೆಟ್ಟಿಲಲ್ಲಿ ಕುಳಿತವನೇ. ಮಗ್ಗದ ನೇಕಾರನಿಗೆ ಆದದ್ದೂ ಇದೇ, ವರ್ಖ ಬಡಿಯುವವನಿಗೆ ಆದದ್ದೂ ಇದೇ. ಈ ಕಸುಬಿನ ಮನೆಗಳ ಮಕ್ಕಳು ಇಂದು ಬೇರೆ ದುಡಿಮೆಗಳತ್ತ ಹೊರಳುತ್ತಿದ್ದಾರೆ.

ಇನ್ನೊಂದು ಅಪಾಯವೂ ಇದೆ. ಬೆಳ್ಳಿಯ ಹೆಸರಿನಲ್ಲಿ ಅಲ್ಯುಮಿನಿಯಂ ಹಾಳೆ ಮಾರುವವರಿದ್ದಾರೆ. ಮನೆಯಲ್ಲಿಯೇ ಪರೀಕ್ಷಿಸುವುದು ಸುಲಭ. ಬೆರಳುಗಳ ನಡುವೆ ಉಜ್ಜಿದರೆ ಶುದ್ಧ ಬೆಳ್ಳಿ ವರ್ಖ ಪುಡಿಪುಡಿಯಾಗಿ ಮಾಯವಾಗುತ್ತದೆ. ಅಲ್ಯುಮಿನಿಯಂ ಚೂರಾಗಿ ಉಳಿಯುತ್ತದೆ, ಉಂಡೆಯಾಗುತ್ತದೆ. ಸುಟ್ಟರೆ ಬೆಳ್ಳಿ ಹೊಳೆಯುವ ಪುಟ್ಟ ಗುಂಡಾಗುತ್ತದೆ, ಅಲ್ಯುಮಿನಿಯಂ ಬೂದಿಯಾಗುತ್ತದೆ. ಅಗ್ಗವೆಂದು ಕಂಡದ್ದನ್ನೆಲ್ಲ ಮಕ್ಕಳ ತಟ್ಟೆಗೆ ಹಾಕುವ ಮೊದಲು ಈ ಎರಡು ನಿಮಿಷ ಕೊಡುವುದು ಒಳಿತು.

ಈಗ ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಬಣ್ಣದ ಸಕ್ಕರೆ ಕಾಳು, ಬೆಳ್ಳಿ ಬಣ್ಣದ ಗುಂಡು, ಸಿದ್ಧ ಹೂಗಳು ಎಲ್ಲವೂ ದೊರೆಯುತ್ತವೆ. ಮನೆಯ ಸಿಹಿಗೆ ಅಂಗಡಿಯ ಅಲಂಕಾರ ಸೇರಿಸುವುದರಲ್ಲಿ ತಪ್ಪೇನಿಲ್ಲ, ಅದು ಹೊಸದೂ ಅಲ್ಲ. ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. ವ್ಯತ್ಯಾಸ ಇಷ್ಟೇ: ಅವರಿಗೆ ಆ ಹಾಳೆಯ ಹಿಂದಿನ ಸುತ್ತಿಗೆಯ ಸದ್ದು ಗಲ್ಲಿಯಲ್ಲಿ ಕೇಳುತ್ತಿತ್ತು. ನಮಗೆ ಕೇಳುವುದಿಲ್ಲ. ಮುಂದಿನ ಹಬ್ಬಕ್ಕೆ ಫ್ಯಾನ್ ನಿಲ್ಲಿಸಿ ಮನೆ ನಿಶ್ಶಬ್ದವಾದಾಗ, ಉಸಿರು ಬಿಗಿಹಿಡಿದ ಆ ಒಂದು ಕ್ಷಣದಲ್ಲಿ ಅದನ್ನು ಬಡಿದ ಕೈಗಳನ್ನೂ ನೆನೆಯೋಣ.