ಬರೋಡಾದ ವಿಷದ ಲೋಟ: ಹಾಕಿದ ಕೈ, ಹಾಕಿಸಿದ ಕೈ

ಇವತ್ತಿನ ಪ್ರಶ್ನೆ ಇದು: ಲೋಟಕ್ಕೆ ವಿಷ ಹಾಕಿದ್ದು ಆಳು. ಅದಕ್ಕೆ ಅರಮನೆಯಲ್ಲಿ ಕೂತ ರಾಜರೇ ಹೊಣೆ ಅನ್ನಬೇಕಾದರೆ ಏನೇನು ಸಾಬೀತಾಗಬೇಕು?

1874ರ ನವೆಂಬರ್ 9, ಈಗಿನ ವಡೋದರಾ. ಬ್ರಿಟಿಷ್ ರೆಸಿಡೆಂಟ್ ಕರ್ನಲ್ ಫೇರ್ ಬೆಳಗಿನ ವಾಕಿಂಗ್ ಮುಗಿಸಿ ಬಂದು ಚಕ್ಕೋತದ ಶರಬತ್ತು ಒಂದೆರಡು ಗುಟುಕು ಕುಡಿದರು. ಮೈ ಸರಿಯಿಲ್ಲ ಅನ್ನಿಸಿ ಉಳಿದದ್ದನ್ನು ಚೆಲ್ಲಿದರು. ತಳದಲ್ಲಿ ಗಸಿ ಇತ್ತು. ಪರೀಕ್ಷೆ ಮಾಡಿಸಿದರೆ ಆರ್ಸೆನಿಕ್, ಜೊತೆಗೆ ವಜ್ರದ ಪುಡಿ!

ಫೇರ್ ಬದುಕಿದರು. ಹಾಗಾದರೆ ಅಪರಾಧ ಎಲ್ಲಿ ಅಂತೀರಾ? ವಿಷದಿಂದ ಸಾವು ಆಗದಿದ್ದರೂ ಕೊಲೆಯತ್ನ ಅಪರಾಧವೇ. ಮುಂದೆ 1910ರಲ್ಲಿ ಇಂಗ್ಲೆಂಡಿನ ವೈಟ್ ಪ್ರಕರಣದಲ್ಲೂ ಇದೇ ಆಯಿತು. ಮಗ ತಾಯಿಯ ಪಾನೀಯಕ್ಕೆ ಸಯನೈಡ್ ಬೆರೆಸಿದ್ದ, ಆಕೆ ಸತ್ತದ್ದು ಹೃದಯಾಘಾತದಿಂದ. ಕೊಲೆ ಅಲ್ಲ, ಕೊಲೆಯತ್ನ ಅಂತ ತೀರ್ಪಾಯಿತು.

ಬರೋಡಾದಲ್ಲಿ ಕಷ್ಟವಿದ್ದದ್ದು ಸರಪಳಿಯನ್ನು ಹಿಂದಕ್ಕೆ ಹಿಡಿಯುವುದರಲ್ಲಿ. ರೆಸಿಡೆನ್ಸಿಯ ನೌಕರರಾದ ರಾವಜಿ ಮತ್ತು ನರ್ಸೂ, ಮಹಾರಾಜ ಮಲ್ಹಾರ ರಾವ್ ಗಾಯಕವಾಡರೇ ಹೇಳಿಸಿದ್ದು ಅಂದರು. ವಿಷ ತರಿಸಿದ್ದು ನಾನೇ ಅಂತ ಮಹಾರಾಜರ ಕಾರ್ಯದರ್ಶಿ ದಾಮೋದರ ಪಂತ್ ಒಪ್ಪಿಕೊಂಡರು. ಆದರೆ ಮೂವರೂ ಕೃತ್ಯದ ಪಾಲುದಾರರು. ರಾವಜಿಗೂ ಪಂತರಿಗೂ ಕ್ಷಮಾದಾನದ ಭರವಸೆ ಸಿಕ್ಕಿತ್ತು. ಪಾಲುದಾರನ ಮಾತಿಗೆ ಬೇರೆ ಆಧಾರ ಬೇಕು ಅಂತ 1872ರ ಸಾಕ್ಷ್ಯ ಕಾಯ್ದೆಯೇ ಎಚ್ಚರಿಸುತ್ತಿತ್ತು. ನಾವು ಕೋಡ್ ಬರೆಯೋರು ಲಾಗ್‌ನಲ್ಲಿ ಒಂದೊಂದೇ ಹೆಜ್ಜೆ ಹಿಂದೆ ಹೋಗ್ತೀವಲ್ಲ, ನಡುವೆ ಒಂದು ಎಂಟ್ರಿ ನಂಬೋಕಾಗದಿದ್ದರೆ ಅದರಾಚೆಗಿನದ್ದೆಲ್ಲ ಊಹೆ. ಲಂಡನ್ನಿನಿಂದ ಬಂದ ವಕೀಲ ಬ್ಯಾಲಂಟೈನ್ ಹೊಡೆದದ್ದು ಸರಿಯಾಗಿ ಅಲ್ಲಿಗೇ. ಇನ್ನೊಂದು ವಿಷಯ: ಫೇರ್ ಅವರನ್ನು ಬದಲಾಯಿಸಿ ಅಂತ ಮಹಾರಾಜರು ಕೆಲವೇ ದಿನ ಮೊದಲು ಪತ್ರ ಬರೆದಿದ್ದರು. ದ್ವೇಷ ಇತ್ತು ಅನ್ನೋಕೂ ಅದೇ ಪತ್ರ ಆಧಾರ, ವಿಷದ ಅಗತ್ಯ ಇರಲಿಲ್ಲ ಅನ್ನೋಕೂ ಅದೇ!

1875ರ ವಿಚಾರಣಾ ಆಯೋಗದಲ್ಲಿ ಆರು ಜನ. ಮೂವರು ಇಂಗ್ಲಿಷರು ತಪ್ಪಿತಸ್ಥ ಅಂದರು. ಅವರಲ್ಲೊಬ್ಬರು ಮೈಸೂರಿನ ಚೀಫ್ ಕಮಿಷನರ್ ರಿಚರ್ಡ್ ಮೀಡ್. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಮೊದಲು ಇವರದೇ ಹೆಸರಿತ್ತು. ಗ್ವಾಲಿಯರ್ ಮತ್ತು ಜೈಪುರದ ಮಹಾರಾಜರು, ಸರ್ ದಿನಕರ ರಾವ್ ಒಪ್ಪಲಿಲ್ಲ. ಮೂರಕ್ಕೆ ಮೂರು.

ಆಮೇಲೆ? ಏಪ್ರಿಲ್‌ನಲ್ಲಿ ಸರ್ಕಾರ ವಿಷದ ಆರೋಪವನ್ನು ಪಕ್ಕಕ್ಕಿಟ್ಟು, 'ದುರಾಡಳಿತ'ದ ಕಾರಣ ಕೊಟ್ಟು ಮಹಾರಾಜರನ್ನು ಇಳಿಸಿ ಮದ್ರಾಸಿಗೆ ಕಳಿಸಿತು. 1831ರಲ್ಲಿ ಮೈಸೂರಿನ ಆಡಳಿತ ಕಿತ್ತುಕೊಂಡಾಗಲೂ ಇದೇ ಪದ. ದುರಾಡಳಿತ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ ಕಾನೂನು ಕೇಳಿದ ಕೊಂಡಿ ಸಿಗದಾಗ, ಕೊಂಡಿಯೇ ಬೇಡದ ಇನ್ನೊಂದು ದಾರಿ ಅಧಿಕಾರದ ಕೈಯಲ್ಲಿತ್ತು. ಆ ಗಾದಿಗೆ ಬಂದ 12 ವರ್ಷದ ಹುಡುಗನೇ ಮುಂದೆ ಹೆಸರಾದ ಮೂರನೇ ಸಯಾಜಿರಾವ್. ಫಲ ಒಳ್ಳೆಯದಾಯಿತು ಅಂತ ವಿಚಾರಣೆ ಸರಿಯಾಗಿತ್ತು ಅನ್ನೋಕಾಗುತ್ತಾ? ನಿಮ್ಮ ಅಭಿಪ್ರಾಯ ತಿಳಿಸಿ.